ಡಿಗ್ರಿ ಕಡಿಮೆ ಬಂದರೆ ನೀರು ಹಾಕಿದ್ದಾರೆ ಅಂತಲೇನಾ? ವಾದದಲ್ಲಿನ ತಪ್ಪು ಹಿಡಿಯುವ ಬಗೆ

ಪಿಯುಸಿಯಲ್ಲಿ ನನಗೆ ತರ್ಕಶಾಸ್ತ್ರ ಇತ್ತು. ಇಷ್ಟಪಟ್ಟು ತಗೊಂಡಿದ್ದಲ್ಲ. ಆ ಕಾಂಬಿನೇಷನ್‌ನಲ್ಲಿ ಮಾತ್ರ ಸೀಟು ಉಳಿದಿತ್ತು, ಅಷ್ಟೆ. ‘ಎಲ್ಲ ಮನುಷ್ಯರೂ ಸಾಯುತ್ತಾರೆ, ಸಾಕ್ರಟೀಸ್ ಮನುಷ್ಯ, ಆದ್ದರಿಂದ ಸಾಕ್ರಟೀಸ್ ಸಾಯುತ್ತಾನೆ’ ಅಂತ ಬಾಯಿಪಾಠ ಮಾಡಿದೆ, ಬರೆದೆ, ಪಾಸಾದೆ, ಮರೆತೆ. ಆ ಪಾಠ ತಲೆಗೆ ಹೋಗಿದ್ದು 15 ವರ್ಷ ಆದ ಮೇಲೆ. ನಮ್ಮೂರಿನ ಮಹಿಳಾ ಡೈರಿಯಲ್ಲಿ, ಬೆಳಗಿನ 6 ಗಂಟೆಗೆ, ಕೈಯಲ್ಲಿ ಹಾಲಿನ ಡಿಗ್ರಿ ನೋಡುವ ಲ್ಯಾಕ್ಟೋಮೀಟರ್ ಹಿಡಿದು ನಿಂತಿದ್ದಾಗ.

ಡೈರಿ ಕಾರ್ಯದರ್ಶಿ ಅಂದರೆ ಹಾಲು ಅಳೆಯುವವಳು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಲು ಅಳೆಯೋದು ಅರ್ಧ ಕೆಲಸ. ಇನ್ನರ್ಧ, ಎರಡು ಹೊತ್ತು ಸಾಲಿನಲ್ಲಿ ನಿಂತವರ ಜಗಳ ಕೇಳೋದು. ವರ್ಷಕ್ಕೊಮ್ಮೆ ಮಹಾಸಭೆ, ನಡುವೆ ಆಡಳಿತ ಮಂಡಳಿ ಸಭೆಗಳು. ನಡಾವಳಿ ಬರೆಯೋದು ನಾನೇ. ಹೀಗೆ ಬರೆಯುತ್ತಾ ಬರೆಯುತ್ತಾ ಒಂದು ವಿಷಯ ಗಮನಕ್ಕೆ ಬಂತು. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಮಾತು ಪುಸ್ತಕಕ್ಕೆ ಇಳಿಸುವಾಗ ಕುಂಟುತ್ತದೆ. ಪೆನ್ನು ನಿಂತುಬಿಡುತ್ತದೆ. ‘ಯಾಕೆಂದರೆ’ ಅಂತ ಬರೆದ ಮೇಲೆ ಮುಂದೆ ಏನು ಬರೆಯಬೇಕು ಅಂತಲೇ ಗೊತ್ತಾಗೋದಿಲ್ಲ.

ಆಗಿನಿಂದ ನಾನು ಹಾಳೆಯ ಮಧ್ಯೆ ಒಂದು ಗೆರೆ ಎಳೆಯುತ್ತೇನೆ. ಎಡಕ್ಕೆ ‘ಏನು’, ಬಲಕ್ಕೆ ‘ಯಾಕೆ’. ಯಾರಾದರೂ ಮಾತಾಡಿದರೆ, ಅವರು ಒಪ್ಪಿಸಲು ಹೊರಟ ಸಂಗತಿ ಎಡಕ್ಕೆ, ಅದಕ್ಕೆ ಕೊಟ್ಟ ಕಾರಣ ಬಲಕ್ಕೆ. ಒಂದೊಂದು ಸಾಲು ಸಾಕು. ನೀವೂ ಇಷ್ಟು ಮಾಡಿ. ದೋಷಗಳ ಹೆಸರು ಒಂದೂ ಗೊತ್ತಿಲ್ಲದಿದ್ದರೂ ಅರ್ಧಕ್ಕರ್ಧ ಕಣ್ಣಿಗೆ ಬೀಳುತ್ತವೆ. ಆಮೇಲೆ ನೋಡಬೇಕಾದದ್ದು ಒಂದೇ: ಬಲಗಡೆಯ ಸಾಲನ್ನು ಪೂರ್ತಿ ಒಪ್ಪಿಕೊಂಡರೂ ಎಡಗಡೆಯದು ತಪ್ಪಾಗಿರಲು ಸಾಧ್ಯವಾ?

ಈ ಪ್ರಶ್ನೆಯನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಡೈರಿಗೆ ಎದುರು ಮನೆಯ ಅಕ್ಕ ಒಬ್ಬರು ಹಾಲು ಹಾಕುತ್ತಾರೆ. ಒಂದೇ ಜೆರ್ಸಿ ಹಸು. ಒಂದು ದಿನ ಬೆಳಿಗ್ಗೆ ಅವರ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟರೆ ಡಿಗ್ರಿ 25. ದಿನಾ 28ರ ಮೇಲೇ ಬರುತ್ತಿದ್ದ ಹಾಲು. ಹಿಂದೆ ನಿಂತವರೊಬ್ಬರು ಕೆಮ್ಮಿದರು. ಇನ್ನೊಬ್ಬರು, “ನಲ್ಲೀಲಿ ನೀರು ಬಂದಿತ್ತಲ್ಲ ಇವತ್ತು” ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ಹಾಲನ್ನು ವಾಪಸ್ ಕಳಿಸಿದೆ. ಸಂಜೆಯೂ ಅದೇ ಡಿಗ್ರಿ. ಮತ್ತೆ ವಾಪಸ್. ಅಕ್ಕ ಮಾತಾಡಲಿಲ್ಲ, ಕ್ಯಾನ್ ಎತ್ತಿಕೊಂಡು ಹೋದರು.

ನನ್ನ ತಲೆಯಲ್ಲಿ ಓಡಿದ್ದ ಲೆಕ್ಕ ಇದು. ನೀರು ಹಾಕಿದರೆ ಡಿಗ್ರಿ ಇಳಿಯುತ್ತದೆ. ಡಿಗ್ರಿ ಇಳಿದಿದೆ. ಆದ್ದರಿಂದ ನೀರು ಹಾಕಿದ್ದಾರೆ. ಓದಿದರೆ ಎಷ್ಟು ನೇರವಾಗಿದೆ, ಅಲ್ವಾ? ಸಾಕ್ರಟೀಸ್ ಸಾಲಿನ ಹಾಗೇ ಕಾಣುತ್ತದೆ. ಆದರೆ ಇದು ಅದಲ್ಲ. ನೀರು ಹಾಕಿದರೆ ಡಿಗ್ರಿ ಇಳಿಯುತ್ತದೆ ಅನ್ನೋದು ನಿಜ. ಡಿಗ್ರಿ ಇಳಿಯಲು ನೀರೊಂದೇ ಕಾರಣ ಅಂತ ಯಾರು ಹೇಳಿದರು? ಲ್ಯಾಕ್ಟೋಮೀಟರ್ ನೀರನ್ನು ಹುಡುಕುವ ಯಂತ್ರವೇ ಅಲ್ಲ. ಹಾಲು ಎಷ್ಟು ಗಟ್ಟಿ, ಎಷ್ಟು ಹಗುರ ಅಂತ ತೇಲಿ ತೋರಿಸುವ ಗಾಜಿನ ಬುರುಡೆ ಅದು. ಆಗತಾನೆ ಕರೆದ ಬೆಚ್ಚಗಿನ ನೊರೆಹಾಲಿನಲ್ಲಿ ಅದು ಜಾಸ್ತಿ ಮುಳುಗುತ್ತದೆ, ಡಿಗ್ರಿ ಕಡಿಮೆ ತೋರಿಸುತ್ತದೆ. ಅದಕ್ಕೇ ಅದರ ಮೇಲೆ ಉಷ್ಣಾಂಶ ಬರೆದಿರೋದು. ಫ್ಯಾಟ್, ಅಂದರೆ ಹಾಲಿನ ಜಿಡ್ಡು, ನೀರಿಗಿಂತ ಹಗುರ, ಹಾಗಾಗಿ ಫ್ಯಾಟ್ ಏರಿದರೂ ಡಿಗ್ರಿ ಒಂಚೂರು ಇಳಿಯಬಹುದು. ಹಸುವಿಗೆ ಸರಿಯಾಗಿ ಮೇವು ಸಿಗದಿದ್ದರೂ ಇಳಿಯುತ್ತದೆ. ಕೆಚ್ಚಲು ಬಾವು ಬಂದರೂ ಇಳಿಯುತ್ತದೆ.

ಎರಡನೇ ದಿನ ಅಕ್ಕನ ಮಗಳು ಬಂದು, “ಆಂಟಿ, ನೀವೇ ಬಂದು ನಿಂತು ಕರೆಸಿ” ಅಂದಳು. ಹೋದೆ. ಒಣಗಿದ ಬಕೆಟ್, ನನ್ನ ಕಣ್ಣೆದುರೇ ಕರೆದ ಹಾಲು. ತಣಿಯಲು ಬಿಟ್ಟು ಡಿಗ್ರಿ ನೋಡಿದರೆ ಮತ್ತೆ ಇಪ್ಪತ್ತೈದೂವರೆ. ಅಲ್ಲಿಗೆ ನೀರಿನ ಕಥೆ ಮುಗಿಯಿತು. ಪಶುವೈದ್ಯರು ಬಂದು ಕೆಚ್ಚಲು ಮುಟ್ಟಿ ನೋಡಿದರು. ಒಂದು ಮೊಲೆ ಗಟ್ಟಿಯಾಗಿತ್ತು. ಬಾವು ಆಗತಾನೆ ಶುರು.

ಅಕ್ಕನಿಗೆ ಎರಡು ಹೊತ್ತಿನ ಹಾಲಿನ ದುಡ್ಡು ಹೋಯಿತು. ಅದಕ್ಕಿಂತ ಜಾಸ್ತಿ, ಸಾಲಿನಲ್ಲಿ ನಿಂತವರ ಆ ನಗು.

ನಮ್ಮ ಹಳಬರು ಇದನ್ನು ಚೆನ್ನಾಗಿ ತಿಳಿದಿದ್ದರು. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದವರು ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಅಂತ ಊಹಿಸಬಹುದು ಅನ್ನುತ್ತಾರೆ. ಅದನ್ನೇ ತಿರುವಿ, ಬೆಂಕಿ ಇದೆ, ಆದ್ದರಿಂದ ಹೊಗೆಯೂ ಇದೆ ಅಂದರೆ ಒಪ್ಪುವುದಿಲ್ಲ. ಅದಕ್ಕೆ ಅವರು ಕೊಡುವ ಉದಾಹರಣೆ ಕೆಂಪಗೆ ಕಾದ ಕಬ್ಬಿಣದ ಉಂಡೆ. ಬೆಂಕಿ ಇದೆ, ಹೊಗೆ ಎಲ್ಲಿದೆ? ಹೊಗೆ ಬರಬೇಕಾದರೆ ಬೆಂಕಿಯ ಜೊತೆ ಹಸಿ ಸೌದೆಯೂ ಇರಬೇಕು. ನಮ್ಮೂರ ಕುಲುಮೆಯಲ್ಲಿ ಕುಳ ಕಾಯಿಸೋದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇಂಥ ಪೊಳ್ಳು ಕಾರಣಗಳಿಗೆ ಅವರಿಟ್ಟ ಹೆಸರು ಹೇತ್ವಾಭಾಸ. ಹೇತು ಅಂದರೆ ಕಾರಣ. ಕಾರಣದ ಹಾಗೆ ಕಾಣುತ್ತದೆ, ಕಾರಣ ಅಲ್ಲ.

ಹಾಗಾಗಿ ‘ಹೀಗಾದರೆ ಹಾಗಾಗುತ್ತದೆ’ ಅನ್ನುವ ಮಾತು ಕೇಳಿದಾಗಲೆಲ್ಲ ಅದನ್ನು ತಿರುಗಿಸಿ ನೋಡಿ. ‘ಹಾಗಾಗಲು ಇನ್ನೇನೇನು ಕಾರಣ ಇರಬಹುದು?’ ಮೂರು ಕಾರಣ ಬೆರಳು ಮಡಿಚಿ ಎಣಿಸುವವರೆಗೆ ತೀರ್ಪು ಕೊಡಬೇಡಿ. ಮಗ ರೂಮಿನ ಬಾಗಿಲು ಹಾಕಿಕೊಂಡಿದ್ದಾನೆ, ಅಂದರೆ ಫೋನ್ ನೋಡುತ್ತಿದ್ದಾನೆ. ಸೊಸೆ ಮಾತು ಕಡಿಮೆ ಮಾಡಿದ್ದಾಳೆ, ಅಂದರೆ ತವರಿನವರು ಏನೋ ಹೇಳಿಕೊಟ್ಟಿದ್ದಾರೆ. ಇವೆಲ್ಲ ನನ್ನ 25 ಡಿಗ್ರಿ ಜಾತಿಯವೇ.

ಇದರ ತಂಗಿ ಇನ್ನೊಂದಿದೆ. ಒಂದಾದ ಮೇಲೆ ಇನ್ನೊಂದು ಆಯಿತು, ಆದ್ದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣ ಅನ್ನೋದು. ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗೋದು ಅಂದುಕೊಂಡ ಅಜ್ಜಿಯ ಕಥೆ ನಿಮಗೂ ಗೊತ್ತಿರುತ್ತದೆ. ಸಿಟ್ಟು ಮಾಡಿಕೊಂಡು ಕೋಳಿ ಎತ್ತಿಕೊಂಡು ಊರು ಬಿಟ್ಟು ಹೋದಳು, ಊರಲ್ಲಿ ಬೆಳಗಾಯಿತು. ಕಾಗೆ ಬಂದು ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಗಂಟು ಹಾಕೋದಕ್ಕೆ ಕಾಕತಾಳೀಯ ಅಂತ ಹೆಸರೇ ಇದೆ.

ಆದರೆ ಇಲ್ಲಿ ಸ್ವಲ್ಪ ನಿಧಾನಿಸಿ. ಕಾಲುಬಾಯಿ ಜ್ವರದ ಲಸಿಕೆ ಕಾರ್ಯಕ್ರಮ 2019ರಲ್ಲಿ ದೇಶದಲ್ಲೆಲ್ಲ ದೊಡ್ಡದಾಗಿ ಶುರುವಾಯಿತು. ವರ್ಷಕ್ಕೆ ಎರಡು ಸಲ ಊರೂರಿಗೆ ಬಂದು ಹಾಕುತ್ತಾರೆ. ಪ್ರತಿ ಸಲವೂ ನಮ್ಮಲ್ಲಿ ಒಂದು ರಗಳೆ ಇದ್ದೇ ಇರುತ್ತದೆ. “ಸೂಜಿ ಹಾಕಿಸಿದ ಮಾರನೇ ದಿನಾನೇ ಹಾಲು ಇಳೀತು ಕಣಮ್ಮ. ನಾನಂತೂ ಇನ್ಮೇಲೆ ಹಾಕ್ಸಲ್ಲ” ಅಂತ ಚಿಕ್ಕಮ್ಮ ಒಬ್ಬರು ಹಠ ಹಿಡಿದಿದ್ದರು. ಪಕ್ಕದಲ್ಲಿದ್ದ ಅವರ ಮೊಮ್ಮಗ ಡಿಗ್ರಿ ಓದುವ ಹುಡುಗ. “ಅಜ್ಜಿ, ಅದು ಕಾಕತಾಳೀಯ. ತರ್ಕದೋಷ” ಅಂದ. ಏನೋ ಗೆದ್ದವನ ಹಾಗೆ ನನ್ನ ಕಡೆ ನೋಡಿದ.

ನನ್ನ ಹತ್ತಿರ ಹಾಲಿನ ರಿಜಿಸ್ಟರ್ ಇತ್ತು. ತೆಗೆದು ನೋಡಿದೆವು. ಲಸಿಕೆ ಹಾಕಿಸಿದ ಮನೆಗಳ ಹಾಲು ಮೂರು ನಾಲ್ಕು ದಿನ ಇಳಿದಿತ್ತು, ಆಮೇಲೆ ಮೊದಲಿನಂತಾಗಿತ್ತು. ಹಾಕಿಸದೆ ಬಿಟ್ಟ ಒಂದೆರಡು ಮನೆಯ ಹಾಲು ಇಳಿದಿರಲಿಲ್ಲ. ಲಸಿಕೆ ಹಾಕಿದ ಮೇಲೆ ಕೆಲವು ದಿನ ಹಾಲು ಇಳಿಯೋದು ಇದ್ದದ್ದೇ ಅಂತ ಡಾಕ್ಟರೂ ಹೇಳಿದರು. ಅಂದರೆ ಚಿಕ್ಕಮ್ಮ ಕೊಟ್ಟ ಕಾರಣ ಸಾಲದು, ಆದರೆ ಅವರು ಕಂಡದ್ದು ನಿಜ. ಅವರು ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ‘ಹಾಲು ಇಳಿಯಿತು, ಆದ್ದರಿಂದ ಹಾಕಿಸಬಾರದು’ ಅನ್ನುವುದರಲ್ಲಿ. ಆ ಜ್ವರ ಬಂದು ಬಾಯಿ, ಗೊರಸೆಲ್ಲ ಹುಣ್ಣಾಗಿ ಮೇವು ಬಿಟ್ಟ ಹಸು ಎಷ್ಟು ಹಾಲು ಕೊಡುತ್ತದೆ ಅನ್ನೋದನ್ನು ತಕ್ಕಡಿಯ ಇನ್ನೊಂದು ಬದಿಗೆ ಹಾಕಲೇ ಇಲ್ಲ.

ಆ ಹುಡುಗನ ತಪ್ಪು ಇನ್ನೂ ದೊಡ್ಡದು ಅಂತ ನನ್ನ ಲೆಕ್ಕ. ವಾದದಲ್ಲಿ ದೋಷ ಇದೆ ಅಂದರೆ ‘ಸಾಬೀತಾಗಿಲ್ಲ’ ಅಂತ ಅರ್ಥ. ‘ಸುಳ್ಳು’ ಅಂತ ಅಲ್ಲ. ದೋಷದ ಹೆಸರು ಹೇಳಿ ಎದ್ದು ಹೋಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹೆಸರು ಹೇಳಿದ ಮೇಲೆ ಕೆಲಸ ಶುರು, ಮುಗಿಯೋದಲ್ಲ. ರಿಜಿಸ್ಟರ್ ತೆಗೀರಿ. ‘ಅದು ಆಗದ ಕಡೆಯೂ ಇದು ಆಗಿದೆಯಾ?’ ಅಂತ ಹುಡುಕಿ. ಆ ಒಂದು ಪ್ರಶ್ನೆಗೆ ಸಿಗುವ ಉತ್ತರ ಹತ್ತು ಪಾರಿಭಾಷಿಕ ಪದಕ್ಕಿಂತ ಮೇಲು.

ಈಗ ನನ್ನ ಎರಡು ಕಾಲಂ ಪುಸ್ತಕಕ್ಕೆ ಬರುತ್ತೇನೆ. ಬಲಗಡೆ ಏನು ಬಿದ್ದಿದೆ ಅಂತ ನೋಡಿದರೆ ಮಿಕ್ಕ ದೋಷಗಳು ಬೇಗ ಸಿಗುತ್ತವೆ.

ಬಲಗಡೆ ಮನುಷ್ಯರ ಹೆಸರು ಬಂದಿದೆಯಾ? “ಅವಳ ಮನೇಲಿ ಈಗ ಹಸುವೇ ಇಲ್ಲ, ಅವಳೇನು ಹೇಳ್ತಾಳೆ ಬೋನಸ್ ಬಗ್ಗೆ.” “ನೀನು ಹೋದ ವರ್ಷ ಸಭೆಗೇ ಬಂದಿಲ್ಲ.” ಮಾತು ಬಿಟ್ಟು ಮಾತಾಡಿದವರ ಮೇಲೆ ಬೀಳೋದು. ಎಲ್ಲ ಪುಸ್ತಕಗಳೂ ಇದು ತಪ್ಪು ಅನ್ನುತ್ತವೆ. ನಾನು ಪೂರ್ತಿ ಒಪ್ಪುವುದಿಲ್ಲ. ಯಾರಾದರೂ “ನಾನೇ ಕಣ್ಣಾರೆ ನೋಡಿದೆ” ಅಂದರೆ, ಆ ಮಾತು ನಿಂತಿರೋದೇ ನಾವು ಅವರ ಮೇಲಿಟ್ಟ ನಂಬಿಕೆಯಿಂದ. ಆಗ ಅವರು ಹಿಂದೆ ಸುಳ್ಳು ಹೇಳಿದ್ದರಾ, ಇದರಲ್ಲಿ ಅವರಿಗೇನು ಲಾಭ ಅಂತ ಕೇಳೋದರಲ್ಲಿ ತಪ್ಪೇನಿಲ್ಲ. ಆದರೆ “ಈ ಲೆಕ್ಕ ಕೂಡಿ ನೋಡಿ, 400 ರೂಪಾಯಿ ವ್ಯತ್ಯಾಸ ಬರುತ್ತೆ” ಅಂದರೆ, ಹೇಳಿದವರು ಕಳ್ಳರಾದರೂ ಕೂಡುವ ಲೆಕ್ಕ ಬದಲಾಗೋದಿಲ್ಲ. ಸಾಕ್ಷಿ ಹೇಳಿದರೆ ಮನುಷ್ಯರನ್ನು ನೋಡಿ, ಲೆಕ್ಕ ಹೇಳಿದರೆ ಲೆಕ್ಕ ನೋಡಿ.

ಬಲಗಡೆ ಎಡಗಡೆಯದೇ ಮಾತು ಬೇರೆ ಸೀರೆ ಉಟ್ಟುಕೊಂಡು ಬಂದಿದೆಯಾ? “ಫ್ಯಾಟ್ ಅಳೆಯೋ ಮಿಷನ್ ಸರಿಯಾಗಿದೆ. ಯಾಕೆ? ಫ್ಯಾಟ್ ಸರಿ ತೋರಿಸ್ತಿದೆ. ಸರಿ ಅಂತ ಹೇಗೆ ಗೊತ್ತು? ಮಿಷನ್ ಸರಿಯಾಗಿದೆಯಲ್ಲ!” ಇದನ್ನು ನಾನೇ ಒಂದು ಸಲ ಹೇಳಿದ್ದೇನೆ, ಗಂಭೀರವಾಗಿ. ಇದರಿಂದ ಹೊರಬರಲು ಹೊರಗಿನದೊಂದು ಅಳತೆ ಬೇಕು. ನಮಗೆ ಅದು ಮಿಷನ್ ಇಲ್ಲದೆ ಫ್ಯಾಟ್ ಅಳೆಯುವ ಹಳೆಯ ಗರ್ಬರ್ ಪರೀಕ್ಷೆ. ಬ್ಯುಟಿರೋಮೀಟರ್ ಅನ್ನುವ ಗಾಜಿನ ಕೊಳವೆಗೆ ಆಸಿಡ್, ಹಾಲು, ಅಮೈಲ್ ಆಲ್ಕೋಹಾಲ್ ಹಾಕಿ ತಿರುಗಿಸೋದು. ಆಸಿಡ್ ವಾಸನೆಗೆ ಕಣ್ಣು ಉರಿಯುತ್ತದೆ, ಆದರೆ ಮಿಷನ್ ಬಗ್ಗೆ ಮಿಷನ್ನನ್ನೇ ಕೇಳುವ ಕೆಲಸ ತಪ್ಪುತ್ತದೆ.

ಬಲಗಡೆ ‘ಎಲ್ಲರೂ’ ಅಂತ ಇದೆಯಾ? 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ ಹಾಲು ಕುಡಿದರೆ ಮನುಷ್ಯರಿಗೂ ಗಂಟು ಏಳುತ್ತದೆ ಅಂತ ಸುದ್ದಿ ಹಬ್ಬಿತು. “ಊರಿಗೆ ಊರೇ ಹೇಳ್ತಿದೆ, ಸುಳ್ಳಾ?” ಸುಳ್ಳೇ. ಆ ರೋಗ ಮನುಷ್ಯರಿಗೆ ಅಂಟುವುದಿಲ್ಲ. ಊರೆಲ್ಲ ಹೇಳುತ್ತಿದೆ ಅಂದಾಗ ನಾನು “ನಿಮಗೆ ಹೇಳಿದ್ದು ಯಾರು?” ಅಂತ ಹಿಂದಕ್ಕೆ ಕೇಳುತ್ತಾ ಹೋದೆ. ಮೂರು ಮನೆ ದಾಟುವಷ್ಟರಲ್ಲಿ ಎಲ್ಲರ ಬೆರಳೂ ಒಂದೇ ವಾಟ್ಸಾಪ್ ಮೆಸೇಜಿನ ಕಡೆ ತೋರಿಸಿತು. ನೂರು ಬಾಯಿ ಅಂದುಕೊಂಡದ್ದು ಒಂದು ಬಾಯಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಗಾದೆ ಹಳೆಯದು, ಫೋನ್ ಹೊಸದು.

ಬಲಗಡೆ ಒಂದೇ ಒಂದು ಘಟನೆ ಇದೆಯಾ? ಇಲ್ಲಿ ನಮ್ಮ ಹೆಂಗಸರು ತಕ್ಷಣ, “ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದಗುಳು ಸಾಲ್ದಾ?” ಅನ್ನುತ್ತಾರೆ. ಸಾಕು. ಯಾಕೆ ಸಾಕು ಅಂತ ಯೋಚಿಸಿದ್ದೀರಾ? ಒಂದೇ ಅಕ್ಕಿ, ಒಂದೇ ಪಾತ್ರೆ, ಒಂದೇ ಉರಿ, ನಡುವೆ ಸೌಟಿನಲ್ಲಿ ತಿರುವಿದ್ದೀರಿ. ಹಾಲಿಗೆ ಬನ್ನಿ. ಸುಮ್ಮನೆ ನಿಂತ ಕ್ಯಾನಿನಲ್ಲಿ ಕೆನೆ ಮೇಲೆ ಬಂದಿರುತ್ತದೆ. ಕಲಕದೆ ಮೇಲಿನಿಂದ ಸ್ಯಾಂಪಲ್ ತೆಗೆದರೆ ಫ್ಯಾಟ್ ಸುಳ್ಳೇ ಏರುತ್ತದೆ. ಚೆನ್ನಾಗಿ ಕಲಕಿ ತೆಗೆದರೆ ಒಂದು ಸಣ್ಣ ಬಾಟಲಿ ಇಡೀ 40 ಲೀಟರ್ ಕ್ಯಾನಿನ ಪರವಾಗಿ ಮಾತಾಡುತ್ತದೆ. ಅಗುಳಿನ ಮಾತು ಕಲಕಿದ ಕಡೆ ಮಾತ್ರ ನಡೆಯೋದು. “ಆ ಊರಿನವರನ್ನು ನಂಬಬೇಡಿ, ನನಗೊಬ್ಬ ಮೋಸ ಮಾಡಿದ್ದ” ಅನ್ನೋದು ಕಲಕದ ಕ್ಯಾನು. ಹಸುವಿನಿಂದ ಕರೆಯುವಾಗಲೂ ಹಾಗೇ. ಮೊದಲು ಬರುವ ಹಾಲಿನಲ್ಲಿ ಫ್ಯಾಟ್ ಕಡಿಮೆ, ಕೊನೆಯ ಹಾಲಿನಲ್ಲಿ ಜಾಸ್ತಿ. ಕೊನೆಯದನ್ನು ಕರುವಿಗೆ ಬಿಟ್ಟು ಮೊದಲಿನದನ್ನು ಡೈರಿಗೆ ತಂದು, “ನಮ್ಮ ಹಸು ಫ್ಯಾಟೇ ಕೊಡಲ್ಲ” ಅನ್ನುವವರಿಗೆ ನಾನು ಇದನ್ನು ವಾರಕ್ಕೊಂದು ಸಲವಾದರೂ ಹೇಳುತ್ತೇನೆ.

ಎರಡೇ ದಾರಿ ತೋರಿಸುವವರಿದ್ದಾರೆ. “ಒಂದೋ ಮಿಷನ್ ಕೆಟ್ಟಿದೆ, ಇಲ್ಲಾ ನಾವು ಕಳ್ಳರು, ಯಾವುದು ಹೇಳು!” ಮೂರನೆಯದನ್ನು ಬಾಯಿಬಿಟ್ಟು ಹೇಳಿ, ಸಾಕು. ಇವತ್ತು ಒಬ್ಬಳಿಗೆ ಬಟವಾಡೆಗೆ ಮುಂಚೆ ಅಡ್ವಾನ್ಸ್ ಕೊಟ್ಟರೆ ನಾಳೆ ಊರೆಲ್ಲ ಕೇಳುತ್ತೆ, ನಾಡಿದ್ದು ಡೈರಿ ಮುಚ್ಚುತ್ತೆ ಅನ್ನುವವರೂ ಇದ್ದಾರೆ. ಅವರ ಜೊತೆ ಒಂದೊಂದೇ ಮೆಟ್ಟಿಲು ಎಣಿಸಿ. ಯಾವ ಮೆಟ್ಟಿಲಲ್ಲಿ ನಾವು ‘ಬೇಡ’ ಅನ್ನಬಹುದು? ಸಾಮಾನ್ಯವಾಗಿ ಎರಡನೆಯದರಲ್ಲೇ ಅನ್ನಬಹುದು.

ಎಡಗಡೆ ಕಾಲಂನಲ್ಲೂ ಕಳ್ಳತನ ನಡೆಯುತ್ತದೆ. ಅದು ನನಗೆ ಎಲ್ಲಕ್ಕಿಂತ ಸಿಟ್ಟು ತರಿಸುವಂಥದ್ದು. ಒಂದು ಮಹಾಸಭೆಯಲ್ಲಿ ನಾನು, “ಬೋನಸ್ ದುಡ್ಡಲ್ಲಿ ಸ್ವಲ್ಪ ಉಳಿಸಿಕೊಂಡು ತೂಕದ ಯಂತ್ರ ಬದಲಾಯಿಸೋಣ” ಅಂದೆ. ಹಿಂದಿನ ಸಾಲಿನಿಂದ ಎದ್ದ ಒಬ್ಬರು, “ನೋಡ್ರಮ್ಮ, ಹಬ್ಬಕ್ಕೆ ಬೋನಸ್ಸೇ ಕೊಡಲ್ವಂತೆ!” ಅಂದರು. ಆಮೇಲೆ ಅರ್ಧ ಗಂಟೆ ನಾನು ಹೇಳದೇ ಇದ್ದ ಮಾತಿಗೆ ಉತ್ತರ ಕೊಡುತ್ತಾ ನಿಂತೆ.

ಇದಕ್ಕೂ ಹಳೆಯ ಹೆಸರಿದೆ, ಛಲ. ನ್ಯಾಯದರ್ಶನದ ಮೂಲಗ್ರಂಥವಾದ ಗೌತಮರ ನ್ಯಾಯಸೂತ್ರಕ್ಕೆ ವಾತ್ಸ್ಯಾಯನ ಬರೆದ ಭಾಷ್ಯದಲ್ಲಿ ಒಂದು ಕಂಬಳಿ ಬರುತ್ತದೆ. ಒಬ್ಬನು ‘ನವಕಂಬಲ’ ಅನ್ನುತ್ತಾನೆ, ಹೊಸ ಕಂಬಳಿ ಅನ್ನುವ ಅರ್ಥದಲ್ಲಿ. ಎದುರಿನವನು, ನವ ಅಂದರೆ ಒಂಬತ್ತು ತಾನೆ, ಇವನ ಹತ್ತಿರ ಒಂಬತ್ತು ಕಂಬಳಿ ಎಲ್ಲಿದೆ, ಇರೋದು ಒಂದೇ ಅಂತ ಹಿಡಿದುಕೊಳ್ಳುತ್ತಾನೆ. ನಮ್ಮ ಸಭೆಯಲ್ಲಿ ಬೋನಸ್‌ಗೆ ಆದದ್ದೂ ಹೆಚ್ಚುಕಡಿಮೆ ಅದೇ. ಇದಕ್ಕೆ ಮದ್ದು ಒಂದೇ. ಉತ್ತರ ಕೊಡುವ ಮುಂಚೆ, “ನೀವು ಹೇಳಿದ್ದು ಇದು, ಹೌದಾ?” ಅಂತ ಅವರ ಮಾತನ್ನು ಅವರಿಗೇ ಓದಿ ಹೇಳಿ. ಅವರು ಹೌದು ಅಂದ ಮೇಲೆ ಮಾತ್ರ ಮುಂದುವರಿಯಿರಿ. ನಿಮ್ಮ ಮಾತಿಗೂ ಅದನ್ನೇ ಕೇಳಿ ಪಡೆಯಿರಿ. ಈಗ ನಮ್ಮ ಸಭೆಯಲ್ಲಿ ಎಡಗಡೆ ಸಾಲನ್ನು ಜೋರಾಗಿ ಓದಿ ಹೇಳದೆ ಚರ್ಚೆ ಶುರುವಾಗೋದಿಲ್ಲ. ಸಭೆ ಉದ್ದ ಆಗುತ್ತದೆ ಅಂತ ಭಯ ಇತ್ತು, ಅರ್ಧಕ್ಕೆ ಇಳಿಯಿತು.

ಎಡಗಡೆ ಪೂರ್ತಿ ಖಾಲಿ ಇರುವವರೂ ಉಂಟು. ಹಾಗೆ ಮಾಡಿದರೆ ತಪ್ಪು, ಹೀಗೆ ಮಾಡಿದರೂ ತಪ್ಪು, ತಾವು ಮಾತ್ರ ಏನೂ ಹೇಳುವುದಿಲ್ಲ. ನಾವು ದಿನಾ ಬೈಯಲು ಬಳಸುವ ‘ವಿತಂಡವಾದ’ ಅನ್ನುವ ಪದದ ಮೂಲ ಅರ್ಥ ಇದೇ. ತನ್ನ ಪಕ್ಷ ಅಂತ ಒಂದನ್ನು ಇಡದೆ ಬರೀ ಎದುರಿನವರದ್ದನ್ನು ಕೆಡವೋದು. ಅವರಿಗೆ ಪೆನ್ನು ಕೊಟ್ಟು, “ಅಣ್ಣ, ಎಡಗಡೆ ಏನು ಬರೀಲಿ?” ಅಂತ ಕೇಳಿ ಕಾಯುತ್ತೇನೆ. ಕೆಲವರು ನಿಜವಾಗಿಯೂ ಒಳ್ಳೆಯ ಮಾತು ಹೇಳಿದ್ದಾರೆ. ಕೆಲವರು ಟೀ ಬಂತಾ ಅಂತ ಬಾಗಿಲ ಕಡೆ ನೋಡಿದ್ದಾರೆ.

ಅಭ್ಯಾಸ ಮಾಡೋದು ಹೇಗೆ ಅಂತ ಕೇಳಿದರೆ, ಟಿವಿ ಚರ್ಚೆಯಿಂದ ಶುರು ಮಾಡಬೇಡಿ ಅನ್ನುತ್ತೇನೆ. ಅಲ್ಲಿ ಎಲ್ಲವೂ ದೋಷವೇ, ಕಲಿಯೋಕೆ ಏನೂ ಉಳಿಯೋದಿಲ್ಲ. ನಿಮ್ಮದೇ ಮನೆಯ ಹೋದ ವಾರದ ಜಗಳ ತೆಗೆದುಕೊಳ್ಳಿ. ಮೊದಲು ನಿಮ್ಮ ಮಾತನ್ನು ಎರಡು ಕಾಲಂಗೆ ಇಳಿಸಿ, ಆಮೇಲೆ ಎದುರಿನವರದ್ದು. ತಾನು ಹಿಡಿದ ಮೊಲಕ್ಕೆ ಎಷ್ಟು ಕಾಲು ಅಂತ ಹಾಳೆಯ ಮೇಲೆ ಎಣಿಸೋದು ಸುಲಭ, ಬಾಯಲ್ಲಿ ಕಷ್ಟ. ನಾನು ಗಂಡನ ಜೊತೆ ಆಡಿದ ಒಂದು ಜಗಳವನ್ನು ಹೀಗೆ ಬರೆದು ನೋಡಿದೆ. ನನ್ನ ಬಲಗಡೆ ಮೂರು ಸಾಲಿತ್ತು. ಎರಡು ಸಾಲು ಅವರ ಅಕ್ಕನ ಬಗ್ಗೆ. ಜಗಳ ಇದ್ದದ್ದು ಮೋಟಾರ್ ರಿಪೇರಿ ಬಗ್ಗೆ.

ಎದುರು ಮನೆಯ ಅಕ್ಕ ಈಗಲೂ ನಮ್ಮಲ್ಲೇ ಹಾಲು ಹಾಕುತ್ತಾರೆ. ಹಸುವಿಗೆ ವಾಸಿಯಾಯಿತು. ಆದರೆ ಅವತ್ತಿನಿಂದ ಲ್ಯಾಕ್ಟೋಮೀಟರನ್ನು ಅವರೇ ಬಗ್ಗಿ ನೋಡುತ್ತಾರೆ, ಸಾಲಿಗೆಲ್ಲ ಕೇಳುವ ಹಾಗೆ ಓದುತ್ತಾರೆ. ಮೊನ್ನೆ ಇಪ್ಪತ್ತೆಂಟೂವರೆ ಬಂತು. “ನೋಡಿ ಎಲ್ರೂ, ಇಪ್ಪತ್ತೆಂಟೂವರೆ! ನಾನು ನೀರು ಹಾಕಿಲ್ಲ ಅಂತ ಇದೇ ಸಾಕ್ಷಿ” ಅಂದರು.

ಕೆನೆ ತೆಗೆದು ನೀರು ಬೆರೆಸಿದರೂ ಇಪ್ಪತ್ತೆಂಟೂವರೆ ಬರಬಹುದು ಅಕ್ಕ ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆಂಟೂವರೆ ಅಂತ ಬರೆದುಕೊಂಡು ಫ್ಯಾಟ್‌ಗೆ ಸ್ಯಾಂಪಲ್ ತೆಗೆದೆ.